ಗುಳಿಗೆ ಕೊಟ್ಟ ಮೇಲಿನ ಅಂಜಿಕೆ

ಸರ್ಕಾರಿ ಆಸ್ಪತ್ರೆಯ ಔಷಧ ಕೊಡುವ ಕಿಂಡಿಯ ಒಳಗೆ ನಾನು ಮೂವತ್ತೊಂದು ವರ್ಷ ನಿಂತಿದ್ದೇನೆ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಕೆಲಸ ಮಾಡಿ ಕೊನೆಗೆ ನಿಪ್ಪಾಣಿ ಸೀಮೆಗೆ ಬಂದೆ, ಅಲ್ಲೇ ನಿವೃತ್ತನಾದೆ. ಸೇರಿದಾಗ ನಮ್ಮನ್ನು ಕಂಪೌಂಡರ್ ಎನ್ನುತ್ತಿದ್ದರು, ಆಮೇಲೆ ಫಾರ್ಮಾಸಿಸ್ಟ್ ಎಂದಾಯಿತು, ಈಗ ಅದಕ್ಕಿಂತ ದೊಡ್ಡ ಹೆಸರಿದೆ. ಜನರ ಬಾಯಲ್ಲಿ ಮಾತ್ರ ಕೊನೆಯ ದಿನದವರೆಗೂ ನಾನು ಕಂಪೌಂಡರ್ ಅಪ್ಪಾಸಾಬನೇ.

ಹೊಸದಾಗಿ ಕೆಲಸಕ್ಕೆ ಸೇರಿದವರು ಒಬ್ಬಿಬ್ಬರು ಈಗಲೂ ಮನೆಗೆ ಬರುತ್ತಾರೆ. ದಾಸ್ತಾನು ಹೇಗೆ ಜೋಡಿಸಬೇಕು, ಔಷಧ ಬೇಡಿಕೆಯ ಇಂಡೆಂಟ್ ಯಾವಾಗ ಹಾಕಬೇಕು, ಮೇಲಿನವರು ತಪಾಸಣೆಗೆ ಬಂದರೆ ಏನು ತೋರಿಸಬೇಕು ಎಂದು ಕೇಳುತ್ತಾರೆ. ಅದಕ್ಕೆಲ್ಲ ಪುಸ್ತಕಗಳಿವೆ, ಕಂಪ್ಯೂಟರ್ ಇದೆ. ಕಳೆದ ತಿಂಗಳು ಬಂದಿದ್ದ ಹುಡುಗಿಯೊಬ್ಬಳು ಮಾತ್ರ ಚಹಾ ಕುಡಿದು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು ಕೇಳಿದಳು: “ಸರ್, ಗುಳಿಗಿ ಕೊಟ್ಟ ಮ್ಯಾಲ ನಿಮಗ ಅಂಜಿಕಿ ಬರ್ತಿತ್ತೇನ್ರಿ?” ಹೌದು ಎಂದೆ. ಮುಂದೆ ಏನಾದರೂ ಹೇಳುತ್ತೇನೆಂದು ಅವಳು ಕಾದಳು. ಅಂದು ಹೇಳದೆ ಉಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಸಂಗತಿ ಯಾವ ಆಸ್ಪತ್ರೆಯಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ರೋಗಿಗಳ, ವೈದ್ಯರ ಹೆಸರು ಬದಲಿಸಿದ್ದೇನೆ. ನನ್ನ ಹೆಸರು ಬದಲಿಸಿಲ್ಲ.

ನಾನು ಸೇರಿದ ಕಾಲಕ್ಕೆ ಗುಳಿಗೆಗಳು ದೊಡ್ಡ ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಜ್ವರದ್ದೂ ಬಿಳಿ, ಫಿಟ್ಸಿನದ್ದೂ ಬಿಳಿ, ರಕ್ತದೊತ್ತಡದ್ದೂ ಬಿಳಿ. ಎಣಿಸಿ, ಹಳೆಯ ಪೇಪರಿನ ಚೂರಿನಲ್ಲಿ ಮಡಚಿ ಕೊಡುತ್ತಿದ್ದೆವು. ಕಿಂಡಿ ದಾಟಿದ ಮೇಲೆ ಆ ಪೊಟ್ಟಣದಲ್ಲಿ ಏನಿದೆ ಎಂದು ಹೇಳಲು ಕೊಟ್ಟವನಿಗೂ ಆಗುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವರು ಗುರುಪಾದಪ್ಪ ಎಂಬ ಹಿರಿಯ ಕಂಪೌಂಡರ್. ಬಹಳ ಶಿಸ್ತಿನ ಮನುಷ್ಯ. ಮೊದಲ ದಿನವೇ ಹೇಳಿದ್ದರು: “ತಮ್ಮಾ, ಡಬ್ಬಿ ಮ್ಯಾಲಿನ ಹೆಸರು ಮೂರು ಸಲ ಓದು. ತಗೊಳ್ಳೋವಾಗ ಒಮ್ಮೆ, ಎಣಸೋವಾಗ ಒಮ್ಮೆ, ತಿರುಗಿ ಇಡೋವಾಗ ಒಮ್ಮೆ. ಮೂರು ಸಲ ಓದಿದವ ಮನೀಗೆ ಹೋಗಿ ನೆಮ್ಮದೀಲೆ ಉಣ್ಣತಾನ.”

ನಾನು ಮೂರು ಸಲ ಓದಿದೆ. ನೆಮ್ಮದಿಯಿಂದ ಉಂಡೆ. ಒಂದೆರಡು ವರ್ಷ ಹೀಗೆ ನಡೆಯಿತು. ಆಮೇಲೆ ಮೂರು ಸಾಲದಾಯಿತು. ಯಾವಾಗ ಎಂದು ಹೇಳಲಾರೆ. ನಾಲ್ಕನೆಯ ಸಲ ಓದಿದರೆ ತಪ್ಪೇನಿಲ್ಲವಲ್ಲ ಎನಿಸಿತು. ಆರು ಸಲ ಓದತೊಡಗಿದೆ. ಓದಿದ್ದು ಕಣ್ಣಿಗೆ ಕಾಣಿಸುತ್ತಿತ್ತು, ಮನಸ್ಸಿಗೆ ಇಳಿಯುತ್ತಿರಲಿಲ್ಲ. ಗುರುಪಾದಪ್ಪನವರು ನಿವೃತ್ತರಾಗುವಾಗ ನನ್ನನ್ನು ತೋರಿಸಿ, ಇಂಥ ಕಾಳಜಿಯ ಹುಡುಗನನ್ನು ನೋಡಿಲ್ಲ ಎಂದು ಎಲ್ಲರೆದುರು ಹೇಳಿದರು. ಆ ಹೊಗಳಿಕೆ ನನಗೆ ಮಾಡಿದ ಕೆಡುಕನ್ನು ಬೈಗುಳವೂ ಮಾಡುತ್ತಿರಲಿಲ್ಲ.

ಮುಗಳಖೋಡದ ಸಿದ್ದಪ್ಪ ಎಂಬ ವೃದ್ಧರ ಸಂಗತಿ ಹೇಳಬೇಕು. ಅವರು ರಕ್ತದೊತ್ತಡದ ಗುಳಿಗೆಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ದಿನ ಅವರಿಗೆ ಪೊಟ್ಟಣ ಕೊಟ್ಟು ಕಳಿಸಿದೆ. ಹತ್ತು ನಿಮಿಷದಲ್ಲಿ ಅನುಮಾನ ಹುಟ್ಟಿತು. ಪಕ್ಕದ ಡಬ್ಬಿಗೆ ಕೈ ಹಾಕಿದೆನೇ? ಅದರಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಇತ್ತು. ಸಕ್ಕರೆ ಕಾಯಿಲೆ ಇಲ್ಲದವರು ಅದನ್ನು ನುಂಗಿದರೆ ಕಣ್ಣು ಕತ್ತಲಿಟ್ಟು ಬೀಳಬಹುದು. ಎರಡೂ ಡಬ್ಬಿಗಳನ್ನು ಸುರುವಿ ಎಣಿಸಿದೆ, ಲೆಕ್ಕ ಸರಿಯಿತ್ತು. ಮತ್ತೆ ಎಣಿಸಿದೆ. ಸರಿಯಿದ್ದ ಲೆಕ್ಕ ನನ್ನನ್ನು ಒಪ್ಪಿಸಲಿಲ್ಲ. ಅರ್ಧ ದಿನದ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಮುಗಳಖೋಡಕ್ಕೆ ಹೋದೆ.

ಸಿದ್ದಪ್ಪನವರು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು. “ಯಾಕ್ರಿ ಸಾಹೇಬ್ರ, ರಿಪೋರ್ಟ್ ಏನರ ಕೆಟ್ಟ ಬಂತೇನ್ರಿ?” ಇಲ್ಲ, ಈ ಕಡೆ ಕೆಲಸವಿತ್ತು, ನೋಡಿ ಹೋಗೋಣವೆಂದು ಬಂದೆ, ಗುಳಿಗೆ ತೋರಿಸಿರಿ ಎಂದೆ. ಪೊಟ್ಟಣ ತಂದರು. ಸರಿಯಾದ ಗುಳಿಗೆಯೇ ಇತ್ತು. ಆ ಕ್ಷಣ ಮೈಯೆಲ್ಲ ಹಗುರಾಯಿತು. ಅವರ ಸೊಸೆ ಚುರಮುರಿ, ಚಹಾ ಕೊಟ್ಟಳು. ಸಿದ್ದಪ್ಪನವರು ಓಣಿಯವರನ್ನು ಕರೆದು, “ಮನೀತನಕ ಬಂದು ಗುಳಿಗಿ ನೋಡು ಕಂಪೌಂಡರನ್ನ ಎಲ್ಲೆರ ಕಂಡೀರೇನು” ಎಂದು ತೋರಿಸಿದರು. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಮರಳುವ ಬಸ್ಸು ರಾಯಬಾಗ ಮುಟ್ಟುವ ಮೊದಲೇ ಇನ್ನೊಂದು ಅನುಮಾನ ಹುಟ್ಟಿತ್ತು: ಮೇಲಿನ ಗುಳಿಗೆಗಳು ಸರಿ ಇದ್ದವು, ಕೆಳಗಿನವನ್ನು ನೋಡಿದೆನೇ?

ಇಂಥ ಯಾತ್ರೆಗಳು ಎಷ್ಟಾದವೋ. ಒಂದರಲ್ಲೂ ತಪ್ಪು ಗುಳಿಗೆ ಸಿಗಲಿಲ್ಲ. ಮುಂದೆ ಪಟ್ಟಿಗಳಲ್ಲಿ ಗುಳಿಗೆ ಬರತೊಡಗಿದಾಗ, ಹೆಸರು ಅಚ್ಚಾಗಿರುತ್ತದೆ, ಇನ್ನು ನನಗೆ ಬಿಡುಗಡೆ ಎಂದುಕೊಂಡೆ. ಆಗ ಹೆಸರು ಬಿಟ್ಟು ಅವಧಿ ಮುಗಿಯುವ ತಾರೀಖಿಗೆ ಗಂಟುಬಿದ್ದೆ. ಕಂಪ್ಯೂಟರ್ ಬಂದ ಮೇಲೆ ಒತ್ತಿದ ಗುಂಡಿಯನ್ನೇ ಮತ್ತೆ ಒತ್ತಿದೆ. ರೀತಿ ಬದಲಾದಂತೆಲ್ಲ ನನ್ನ ರೋಗವೂ ಹೊಸ ರೀತಿ ಕಲಿಯಿತು.

ಮನೆಯಲ್ಲಿ ಇದರ ಭಾರ ಹೊತ್ತವಳು ಹೆಂಡತಿ ಸುಜಾತಾ. ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಊಟಕ್ಕೆ ಕುಳಿತಾಗ ನಾನು ಅಂದು ಕೊಟ್ಟ ಗುಳಿಗೆಗಳನ್ನು ಅವಳ ಮುಂದೆ ಒಪ್ಪಿಸುತ್ತಿದ್ದೆ. ಅವಳು “ಸರಿ ಕೊಟ್ಟೀರಿ” ಎನ್ನಬೇಕು. ಎನ್ನದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಒಂದು ದಿನ ಬುಟ್ಟಿಯಿಂದ ಜೋಳದ ಭಕ್ರಿ ತೆಗೆಯುತ್ತ ಅವಳು ಶಾಂತವಾಗಿ ಹೇಳಿದಳು: “ಆ ಗುಳಿಗಿ ಹೆಸರು ನನಗ ಓದಾಕ ಬರೂದಿಲ್ಲ. ಅವು ಏನಂತ ಗೊತ್ತಿಲ್ಲ. ನೀವು ಓದಿದವರು, ನನ್ನ ಕೇಳ್ತೀರಿ. ನಾ ಸರಿ ಅಂದ್ರ ಹೆಂಗ ಸರಿ ಆಕ್ಕೈತ್ರಿ?” ಮರುದಿನವೂ ಕೇಳಿದೆ. ನನ್ನ ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಕಾಗವಾಡಕ್ಕೆ ಹೊರಟವನು, ಔಷಧದ ಕಪಾಟಿನ ಕೀಲಿ ಹಾಕಿದೆನೇ ಎಂದು ಅರ್ಧ ದಾರಿಯಲ್ಲಿ ಇಳಿದು ಹಿಂದಿರುಗಿದೆ. ಸುಜಾತಾ ಒಬ್ಬಳೇ ಹೋದಳು. ನನಗೆ ಜ್ವರ ಎಂದು ಹೇಳಿದಳಂತೆ.

ಆ ಹೊತ್ತಿಗೆ ನಮ್ಮ ಆಸ್ಪತ್ರೆಗೆ ತಿಂಗಳಿಗೊಂದು ಮಂಗಳವಾರ ಜಿಲ್ಲೆಯಿಂದ ಮನೋವೈದ್ಯರು ಬರತೊಡಗಿದ್ದರು. ಡಾಕ್ಟರ್ ಶಾರದಾ ಎಂದು ಕರೆಯುತ್ತೇನೆ. ಮೈಸೂರು ಕಡೆಯವರು. ಅವರ ಕೋಣೆಗೂ ನನ್ನ ಕಿಂಡಿಗೂ ನಡುವೆ ಒಂದು ಪ್ಲೈವುಡ್ ಹಲಗೆ. ಜನ ಅಂದು ಮುಖಕ್ಕೆ ಸೆರಗು, ಟವೆಲು ಮುಚ್ಚಿಕೊಂಡು ಬರುತ್ತಿದ್ದರು. ಪರಿಚಯದವರು ಎದುರಾದರೆ ಹಲ್ಲು ತೋರಿಸಲು ಬಂದೆ ಎನ್ನುತ್ತಿದ್ದರು. ಒಂದು ಮಂಗಳವಾರ ಹಲಗೆಯ ಆಚೆ ತಂಬಾಕಿನ ಕೆಲಸದ ಹೆಣ್ಣುಮಗಳೊಬ್ಬಳು ಅಳುತ್ತ ಹೇಳುವುದು ಕೇಳಿಸಿತು: “ಕೈ ಸ್ವಚ್ಛ ಆಗ್ಯಾವಂತ ಕಣ್ಣಿಗಿ ಕಾಣಸತೈತ್ರಿ, ಮನಸಿಗಿ ಕಾಣಸೂದಿಲ್ಲ.” ನನ್ನ ಕೈಯಲ್ಲಿದ್ದ ಪಟ್ಟಿ ಅಲ್ಲೇ ನಿಂತಿತು. ಆ ಮಾತು ನನ್ನದಾಗಿತ್ತು.

ಡಾಕ್ಟರ್ ಶಾರದಾ ನನ್ನನ್ನು ಮೊದಲೇ ಗಮನಿಸಿದ್ದರು. ಒಂದು ಪೊಟ್ಟಣವನ್ನು ನಾಲ್ಕು ಸಲ ಬಿಚ್ಚಿ ಕಟ್ಟುವುದನ್ನು ಸರತಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದರು, ಅವರು ನೋಡದಿರುತ್ತಾರೆಯೇ? ಒಮ್ಮೆ ಎಲ್ಲರೂ ಹೋದ ಮೇಲೆ ಕೇಳಿದರು, “ಅಪ್ಪಾಸಾಹೇಬರೇ, ಇದು ನಿಮಗೆ ತುಂಬ ಕಷ್ಟ ಕೊಡ್ತಿದೆ ಅಲ್ವಾ?” ಇದು ಕಾಳಜಿ, ರೋಗವಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಒಳಗೆ ಬೇರೆ ಹೆದರಿಕೆ ಇತ್ತು. ಮನೋರೋಗಿಯ ಕೈಯಲ್ಲಿ ಔಷಧದ ಕಪಾಟು ಯಾರು ಬಿಡುತ್ತಾರೆ? ಸುದ್ದಿ ಹಬ್ಬಿದರೆ ಮಗಳಿಗೆ ಗಂಡು ಸಿಗುತ್ತದೆಯೇ? ಹೀಗೆ ಎರಡು ವರ್ಷ ತಳ್ಳಿದೆ. ಮುಖ ಮುಚ್ಚಿಕೊಂಡು ಬರುವ ರೋಗಿಗಳನ್ನು ಕಂಡು, ಇದರಲ್ಲಿ ನಾಚಿಕೆ ಏಕೆ ಎಂದು ಬುದ್ಧಿ ಹೇಳುತ್ತಿದ್ದವನು ನಾನೇ.

ಕೊನೆಗೆ ಒಪ್ಪಿದ್ದು ಸುಜಾತಾಳ ಕಾರಣಕ್ಕೆ. ಅವಳು ನಿದ್ದೆಯಲ್ಲಿ “ಸರಿ ಕೊಟ್ಟೀರಿ” ಎಂದು ಕನವರಿಸಿದಳು. ಡಾಕ್ಟರು ಬಂದ ಮುಂದಿನ ಮಂಗಳವಾರ ಹಲಗೆಯ ಆಚೆ ಹೋಗಿ ಕುಳಿತೆ. ಗುಳಿಗೆ ಬರೆದುಕೊಟ್ಟರು. ಜೊತೆಗೆ ಒಂದು ಅಭ್ಯಾಸ ಕೊಟ್ಟರು. ಒಂದು ಸಲ ಓದಬೇಕು, ಕೊಡಬೇಕು, ಮತ್ತೆ ನೋಡಬಾರದು. “ಹೆದರಿಕೆ ಬರುತ್ತೆ, ಬರಲಿ. ಅದಕ್ಕೆ ಉತ್ತರ ಕೊಡಬೇಡಿ. ಬಂದು ಕೂತು, ತಾನೇ ಎದ್ದು ಹೋಗುತ್ತೆ.” ಮೊದಲ ವಾರಗಳು ಬೆಂಕಿಯ ಮೇಲೆ ಕುಳಿತಂತೆ ಕಳೆದವು. ಆದರೆ ಅವರು ಹೇಳಿದ್ದು ನಿಜವಾಯಿತು. ಅಂಜಿಕೆ ಬರುತ್ತಿತ್ತು, ಮುಕ್ಕಾಲು ತಾಸು ಹಿಂಡುತ್ತಿತ್ತು, ಸಡಿಲುತ್ತಿತ್ತು. ಐದಾರು ತಿಂಗಳಲ್ಲಿ ನಾನು ಸುಜಾತಾಳನ್ನು ಕೇಳದೆ ಊಟ ಮಾಡುವಂತಾದೆ. ಬಹಳ ವರ್ಷಗಳ ಮೇಲೆ ಪಲ್ಯದ ರುಚಿ ನಾಲಿಗೆಗೆ ಹತ್ತಿತು.

ಇನ್ನು ಕುಸುಮಾ ಅವರ ವಿಷಯ.

ಕುಸುಮಾ ಭೋಜ ಎಂಬ ಊರಿನವರು, ಜೈನ ಒಕ್ಕಲು ಮನೆತನ. ಗಂಡ ತೀರಿಕೊಂಡಿದ್ದರು. ಅತ್ತೆ ಚಂದ್ರಾಬಾಯಿ, ಮಗ ಭರತೇಶ, ಸೊಸೆ ರಾಜಶ್ರೀ ಮನೆಯಲ್ಲಿದ್ದರು. ಕುಸುಮಾ ಅವರಿಗಿದ್ದದ್ದು ಮನಸ್ಸು ಮೇಲಕ್ಕೇರಿ ಕೆಳಗೆ ಬೀಳುವ ಕಾಯಿಲೆ. ಏರಿದಾಗ ಐದಾರು ದಿನ ಕಣ್ಣು ಮುಚ್ಚುತ್ತಿರಲಿಲ್ಲ. ಒಮ್ಮೆ ಮುಂಜಾನೆಯೇ ಓಣಿಯ ಮನೆಮನೆಗೆ ಹೋಗಿ ಎಲ್ಲರನ್ನೂ ಊಟಕ್ಕೆ ಕರೆದು, ಹತ್ತು ಒಲೆ ಹೂಡಿ, ವರ್ಷದ ಕಾಳು ಒಂದೇ ದಿನ ಬೇಯಲಿಟ್ಟಿದ್ದರು. ಬಂದವರು ಉಂಡರು, ನಕ್ಕರು. ಆಮೇಲೆ ಇಳಿಗಾಲ. ಮೂರು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ತಲೆ ಬಾಚಲೂ ಏಳಲಿಲ್ಲ. ಅಂದಿನಿಂದ ಊರಿನಲ್ಲಿ ಅವರಿಗೆ ಬೇರೆ ಹೆಸರು ಬಿತ್ತು. ಬಸದಿಗೆ ಹೋದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರಂತೆ.

ಡಾಕ್ಟರ್ ಶಾರದಾ ಅವರಿಗೆ ಲಿಥಿಯಂ ಕೊಟ್ಟರು. ಬಹಳ ಒಳ್ಳೆಯ ಔಷಧ, ಬಹಳ ಬಿಗಿಯಾದ ಔಷಧ. ಸ್ವಲ್ಪ ಕಡಿಮೆಯಾದರೆ ನಾಟದು, ಸ್ವಲ್ಪ ಹೆಚ್ಚಾದರೆ ವಿಷ. ಕುಸುಮಾ ಅವರಿಗೆ ಅದು ಒಗ್ಗಿತು. ಎರಡು ವರ್ಷದಲ್ಲಿ ಅವರು ಮೊದಲಿನ ಹಾಗೆ ಭಕ್ರಿ ಬಡಿಯತೊಡಗಿದರು, ಎಮ್ಮೆ ಕರೆಯತೊಡಗಿದರು. ಪ್ರತಿ ಸಲ ಪೊಟ್ಟಣ ಕೊಡುವಾಗ ನಾನು ಒಂದೇ ಮಾತು ಹೇಳುತ್ತಿದ್ದೆ: “ಏನರ ಆಗಲಿ, ಒಂದು ಗುಳಿಗೀನೂ ತಪ್ಪಸಬ್ಯಾಡ್ರಿ.” ಅವರು ಪ್ರತಿ ಸಲ “ಇಲ್ರಿ” ಎನ್ನುತ್ತಿದ್ದರು.

ಆ ವರ್ಷದ ಭಾದ್ರಪದದಲ್ಲಿ, ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವದ ಏಳನೆಯ ದಿನ, ಶಾರದಾ ಅವರ ಮಂಗಳವಾರ ಬಂತು. ಕುಸುಮಾ ಬರಲಿಲ್ಲ. ಸೊಸೆ ರಾಜಶ್ರೀ ಹಿಂದಿನ ಚೀಟಿ ಹಿಡಿದು ನೇರ ನನ್ನ ಕಿಂಡಿಗೆ ಬಂದಳು. ಡಾಕ್ಟರು ಆ ಹೊತ್ತಿಗೆ ರೋಗಿಗಳನ್ನು ಮುಗಿಸಿ ಅಥಣಿ ಕಡೆ ಹೊರಟು ಹೋಗಿದ್ದರು.

“ಅತ್ತಿ ಯಾಕ ಬರಲಿಲ್ಲ?” ಎಂದು ಕೇಳಿದೆ.

“ಒಪ್ಪತ್ತು ಹಿಡದಾರ್ರಿ. ಬಾಳ ನಿಶ್ಶಕ್ತಿ ಆಗೇತಿ. ಕೈ ನಡಗಾಕತ್ತಾವ. ಪರ್ವ ಮುಗದ ಮ್ಯಾಲ ತಾವ ಬರ್ತಾರಂತ್ರಿ.”

ಹ್ಞೂಂ ಎಂದೆ. ಒಂದು ಸಲ ಓದಿದೆ, ಕೊಟ್ಟೆ. ಅವಳು ಹೋದಳು.

ಹೋದ ಸ್ವಲ್ಪ ಹೊತ್ತಿಗೆ ಅದೇ ಹಳೆಯ ಅಂಜಿಕೆ ಶುರುವಾಯಿತು. ಬಂತಲ್ಲ ಎಂದುಕೊಂಡೆ. ಕಲಿಸಿದಂತೆ ಮಾಡಿದೆ. ಉತ್ತರ ಕೊಡಲಿಲ್ಲ. ಕಪಾಟಿನ ಕಡೆ ನೋಡಲಿಲ್ಲ. ಮುಂದಿನವರ ಚೀಟಿ ತೆಗೆದುಕೊಂಡೆ. ಅಂಜಿಕೆ ಏರುತ್ತಲೇ ಇತ್ತು. ಬಂದು ಕೂತು ತಾನೇ ಎದ್ದು ಹೋಗುತ್ತದೆ ಎಂದು ಹೇಳಿಕೊಳ್ಳುತ್ತ ಒಂದು ತಾಸಿನ ಮೇಲೆ ದೂಡಿದೆ. ಈ ಸಲ ಅದು ಏಳಲಿಲ್ಲ.

ಎರಡು ಗಂಟೆಗೆ ಊಟದ ಡಬ್ಬಿ ಬಿಚ್ಚಿದೆ. ಮೊದಲ ತುತ್ತಿಗೆ ಪಲ್ಯ ಸಪ್ಪೆ ಎನಿಸಿತು. ಸುಜಾತಾಳೂ ಆ ಪರ್ವಕ್ಕೆ ಒಪ್ಪತ್ತು ಹಿಡಿದಿದ್ದಳು, ಉಪ್ಪು ಬಿಟ್ಟಿದ್ದಳು. ತನಗೆ ಸಪ್ಪೆ ಪಲ್ಯ ಮಾಡಿಕೊಂಡು ನನ್ನ ಪಾಲಿಗೆ ಬೇರೆ ಉಪ್ಪು ಬೆರೆಸುತ್ತಿದ್ದಳು, ಅಂದು ಮರೆತಿದ್ದಳು.

ತುತ್ತು ಬಾಯಲ್ಲೇ ಉಳಿಯಿತು. ಮೈಯಲ್ಲಿ ಉಪ್ಪು ಕಡಿಮೆಯಾದರೆ, ನೀರು ಕಡಿಮೆಯಾದರೆ, ಲಿಥಿಯಂ ಹೊರಗೆ ಹೋಗುವುದಿಲ್ಲ. ಒಳಗೇ ಕೂಡುತ್ತ ಹೋಗುತ್ತದೆ. ಇದನ್ನು ನಾನು ಓದಿದ್ದೆ. ಒಪ್ಪತ್ತು ಎಂದರೆ ದಿನಕ್ಕೊಮ್ಮೆ ಊಟ, ಆಗ ಮಾತ್ರ ನೀರು. ಕುಸುಮಾ ಉಪ್ಪನ್ನೂ ಬಿಟ್ಟಿದ್ದರೆ? ರಮ್ಜಾನ್ ತಿಂಗಳು ಬಂದರೆ ನಾನು ಮುಸ್ಲಿಂ ರೋಗಿಗಳನ್ನು ತಪ್ಪದೆ ಕೇಳುತ್ತಿದ್ದೆ, ರೋಜಾ ಹಿಡಿಯುತ್ತೀರಾ, ಹೊತ್ತು ಬದಲಿಸೋಣವೇ ಎಂದು. ನನ್ನ ಸ್ವಂತ ಮನೆಯ ಪರ್ವ, ನಾನು ಹುಟ್ಟಿದಾಗಿನಿಂದ ನೋಡಿದ ಪರ್ವ, ಅದರ ಬಗ್ಗೆ ಕುಸುಮಾ ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಎದ್ದು ವೈದ್ಯಾಧಿಕಾರಿಗಳ ಕೋಣೆಗೆ ಹೋದೆ. ಕೆಟ್ಟ ಮನುಷ್ಯರಲ್ಲ ಅವರು. ಎಂಟು ವರ್ಷ ನನ್ನ ಅರ್ಧ ದಿನದ ರಜೆಗಳಿಗೆ ಸಹಿ ಹಾಕಿದವರು.

“ಸರ್, ನಾ ಭೋಜಕ್ಕ ಹೋಗಬೇಕ್ರಿ.”

ಅವರು ಕನ್ನಡಕ ತೆಗೆದರು. “ಅಪ್ಪಾಸಾಬ, ಆ ಯಾತ್ರಾ ಬಂದ್ ಆಗಿತ್ತಲ್ಲೋ. ಆರು ತಿಂಗಳು ಚಲೋ ಇದ್ದಿ.”

“ಈ ಸಲ ಹಂಗಲ್ರಿ.”

“ಪ್ರತಿ ಸಲ ಹಿಂಗ ಅಂದೀದಿ. ಕೂಡು. ನೀರು ಕುಡಿ.”

ಅವರ ಮಾತು ಸುಳ್ಳಲ್ಲ. ಪ್ರತಿ ಸಲವೂ ಹಾಗೇ ಎಂದಿದ್ದೆ. ವಿಷಯ ವಿವರಿಸಿದೆ, ಆದರೆ ನನ್ನ ದನಿ ನಡುಗುತ್ತಿತ್ತು, ಮಾತು ಮಾತಿಗೆ ಅಡ್ಡ ಬರುತ್ತಿತ್ತು. ಅವರು ನನ್ನ ಮಾತು ಕೇಳುವುದಕ್ಕಿಂತ ನನ್ನನ್ನೇ ನೋಡುತ್ತಿದ್ದರು. “ಫೋನ್ ಹಚ್ಚಿ ಕೇಳು. ಗಡಬಡ ಮಾಡಬ್ಯಾಡ,” ಎಂದರು.

ಮಗ ಭರತೇಶ ಫೋನ್ ಎತ್ತಲಿಲ್ಲ. ರಾಜಶ್ರೀಯ ಫೋನ್ ಮನೆಯಲ್ಲೇ ಇತ್ತು. ಕುಸುಮಾ ಅವರ ಅತ್ತೆ ಚಂದ್ರಾಬಾಯಿ ಎತ್ತಿದರು. ಅವರಿಗೆ ಕಿವಿ ಮಂದ. “ಕುಸುಮಾ ಮಲಗ್ಯಾಳಪ್ಪಾ,” ಎಂದರು. ವಾಂತಿ ಆಗಿದೆಯೇ, ನಡೆಯುವಾಗ ತೂರಾಡುತ್ತಾರೆಯೇ ಎಂದು ಎರಡೆರಡು ಸಲ ಕೇಳಿದೆ. “ವ್ರತ ಐತಿ, ಮಲಗಿರಲಿ,” ಎಂದು ಫೋನ್ ಇಟ್ಟರು. ಡಾಕ್ಟರ್ ಶಾರದಾ ಅವರ ಫೋನ್ ಸಿಗಲಿಲ್ಲ.

ನಾನು ಆ ಕುರ್ಚಿಯಲ್ಲಿ ಕುಳಿತಿದ್ದ ಹತ್ತು ನಿಮಿಷ ಮೂವತ್ತೊಂದು ವರ್ಷಗಳಲ್ಲೇ ಅತಿ ಕಷ್ಟದ್ದು. ಇದು ರೋಗವೋ ನಿಜವೋ ಎಂದು ನನಗೇ ತಿಳಿಯುತ್ತಿರಲಿಲ್ಲ. ಹೋದರೆ ಆರು ತಿಂಗಳ ಚಿಕಿತ್ಸೆ ನೀರುಪಾಲು, ಮತ್ತೆ ಬಸ್ಸು ಹತ್ತುವವನಾಗುತ್ತೇನೆ. ಹೋಗದಿದ್ದರೆ? ಆಗ ಒಂದು ವ್ಯತ್ಯಾಸ ಹೊಳೆಯಿತು. ಹಿಂದೆಲ್ಲ ಅಂಜಿಕೆ ಬಂದಾಗ ಕಣ್ಣೆದುರು ಬರುತ್ತಿದ್ದದ್ದು ನನ್ನ ಕೈ, ನಾನು ಮುಟ್ಟಿದ ಡಬ್ಬಿ. ಅಂದು ಬರುತ್ತಿದ್ದದ್ದು ಕುಸುಮಾ ಅವರ ಕೈ. ಅದು ನಡುಗುತ್ತಿತ್ತು. ಇಷ್ಟನ್ನೇ ನೆಚ್ಚಿ ಎದ್ದೆ. “ಗೈರುಹಾಜರಿ ಹಾಕ್ರಿ ಸರ್,” ಎಂದೆ. ಕಿಂಡಿಯಲ್ಲಿ ಸರತಿ ಇನ್ನೂ ಇತ್ತು. ನರ್ಸಮ್ಮನ ಕೈಗೆ ಕೀಲಿ ಕೊಟ್ಟು, ಲ್ಯಾಬಿನ ಗೆಳೆಯನ ಬೈಕು ತೆಗೆದುಕೊಂಡೆ. ದಾರಿಯಲ್ಲಿ ತಲೆಯೊಳಗೆ ಇನ್ನೊಂದು ದನಿ ಶುರುವಾಗಿತ್ತು, ಮನೋರೋಗದ ಔಷಧಗಳ ಕಪಾಟು ಮುಚ್ಚಿದೆಯಾ ಎಂದು. ಎರಡು ಅಂಜಿಕೆಗಳನ್ನೂ ಹೊತ್ತುಕೊಂಡೇ ಗಾಡಿ ಓಡಿಸಿದೆ.

ಭೋಜದ ಮನೆಯ ಪಡಸಾಲೆಯಲ್ಲಿ ಕುಸುಮಾ ಕಂಬಕ್ಕೆ ಒರಗಿದ್ದರು. ಬಸ್ಸಿನಿಂದ ಆಗಷ್ಟೇ ಇಳಿದಿದ್ದ ರಾಜಶ್ರೀ ಚೀಲ ಕೆಳಗಿಡುತ್ತಿದ್ದಳು. ನನ್ನನ್ನು ಕಂಡು ಕುಸುಮಾ ಏಳಲು ಹೋದರು. ಒಂದು ಹೆಜ್ಜೆಗೇ ಬದಿಗೆ ವಾಲಿದರು, ರಾಜಶ್ರೀ ಹಿಡಿದಳು. “ಬರ್ರಿ” ಎನ್ನುವುದು ನಾಲಿಗೆಗೆ ಅಂಟಿಕೊಂಡು ಬಂತು. ಕೈ ಚಾಚಿರಿ ಎಂದೆ. ಮೊರದಲ್ಲಿ ಕಾಳು ಅಲ್ಲಾಡಿದಂತೆ ಎರಡೂ ಕೈ ಅಲ್ಲಾಡಿದವು.

“ಗುಳಿಗಿ ತಗೊಂಡೀರೇನ್ರಿ?”

“ಒಂದೂ... ತಪ್ಪಿಸಿಲ್ರಿ,” ಎಂದರು. “ನೀವು ಹೇಳಿದಂಗ. ಊಟದ ಹೊತ್ತಿಗೆ ಮುಂಜಾನಿದು, ಸಂಜಿದು ಎರಡೂ ಕೂಡೇ.”

“ಉಪ್ಪು?”

“ಬಿಟ್ಟೇನ್ರಿ.”

ರಾಜಶ್ರೀ ಹೇಳಿದಳು, ನಿನ್ನೆಯಿಂದ ಮೂರು ಸಲ ವಾಂತಿಯಾಗಿದೆ, ಬರಿಹೊಟ್ಟೆಯ ಪಿತ್ತವೆಂದು ಸುಮ್ಮನಿದ್ದೆವು ಎಂದು. ನಾನು ಅವಳ ಚೀಲದಿಂದ ಅಂದು ನಾನೇ ಕೊಟ್ಟ ಪೊಟ್ಟಣ ತೆಗೆದು ಜೇಬಿಗೆ ಹಾಕಿಕೊಂಡೆ. ಇನ್ನು ಈ ಗುಳಿಗೆ ಬೇಡ, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಮೈಯಲ್ಲಿ ನೀರಿಲ್ಲ, ಔಷಧ ವಿಷವಾಗುತ್ತಿದೆ ಎಂದೆ. ಒಂದು ಲೋಟ ನೀರು ತರಿಸಿದೆ. ಕುಸುಮಾ ಬಾಯಿ ಬಿಗಿದುಕೊಂಡರು.

“ಇವತ್ತಿಂದು ನೀರು ಆತ್ರಿ. ಇನ್ನ ಮೂರ ದಿನ. ಮುಗಸ್ತೀನ್ರಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ರಾಜಶ್ರೀ ಅತ್ತಳು. ಭರತೇಶ ಗದ್ದೆಯಿಂದ ಓಡಿ ಬಂದು ಗದರಿಸಿದ. ಕುಸುಮಾ ಗೋಡೆಯ ಕಡೆ ಮುಖ ತಿರುಗಿಸಿದರು. ಆಗ ಮೂಲೆಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ಅತ್ತೆ ಚಂದ್ರಾಬಾಯಿ, ಫೋನಿನಲ್ಲಿ ನನ್ನ ಮಾತು ಸರಿಯಾಗಿ ಕೇಳಿಸಿಕೊಳ್ಳದ ಅದೇ ಮುದುಕಿ, ನೆಲಕ್ಕೆ ಕೈ ಊರಿ ಎದ್ದು ಬಂದರು. ಲೋಟ ತೆಗೆದುಕೊಂಡು ಕುಸುಮಾ ಅವರ ಪಕ್ಕ ಕುಳಿತರು.

“ಕುಸುಮಾ, ಉಳದ ಮೂರ ದಿನ ನಾ ಹಿಡೀತೀನಿ. ಮುರದ ದೋಷ ನನ್ನ ಮ್ಯಾಲಿರಲಿ. ನೀ ಕುಡಿ.”

“ನಿಮಗ ಎಂಬತ್ತ ವಯಸ್ಸು ಅತ್ತಿ.”

“ನನ್ನ ವಯಸ್ಸು ನಾ ನೋಡ್ಕೋತೀನಿ. ಬಾಯಿ ತಗಿ.”

ಕುಸುಮಾ ಕುಡಿದರು. ಅರ್ಧ ಸೆರಗಿನ ಮೇಲೆ ಚೆಲ್ಲಿತು.

ಪಕ್ಕದ ಮನೆಯವರ ಕಾರಿನಲ್ಲಿ ರಾಜ್ಯದ ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ರಕ್ತದಲ್ಲಿ ಲಿಥಿಯಂ ಏರಬಾರದಷ್ಟು ಏರಿತ್ತು. ಸಲೈನ್ ಹಚ್ಚಿದರು. ಮೂರು ದಿನ ಅವರಿಗೆ ಸರಿಯಾಗಿ ಎಚ್ಚರವಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಎಂದು ಅಲ್ಲಿನ ವೈದ್ಯರು ಭರತೇಶನಿಗೆ ಹೇಳಿ, ಮಾತು ಮುಗಿಸಲಿಲ್ಲವಂತೆ. ಆ ಮೂರು ದಿನ ನಾನು ಫೋನ್ ಮೇಜಿನ ಮೇಲಿಟ್ಟುಕೊಂಡು ಗುಳಿಗೆ ಕೊಟ್ಟೆ. ಅದು ಗುರುಗುಟ್ಟಿದಾಗಲೆಲ್ಲ ಎಣಿಕೆ ಬಿಟ್ಟು ಅದನ್ನೇ ಎತ್ತುತ್ತಿದ್ದೆ. ನಾಲ್ಕನೆಯ ದಿನ ಭರತೇಶ ಫೋನ್ ಮಾಡಿ, “ಅವ್ವ ನನ್ನ ಹೆಸರು ಹಿಡದು ಕರದ್ಲು,” ಎಂದ.

ನನ್ನ ತಪ್ಪನ್ನು ಬರೆದು ವೈದ್ಯಾಧಿಕಾರಿಗಳ ಮುಂದಿಟ್ಟೆ. ಉಪವಾಸದ ಬಗ್ಗೆ ಕೇಳಲಿಲ್ಲ, ಉಪ್ಪು ನೀರಿನ ಬಗ್ಗೆ ಎಚ್ಚರಿಸಲಿಲ್ಲ ಎಂದು. ಅವರು ಬಹಳ ಹೊತ್ತು ಓದಿದರು. “ನಿನ್ನ ಕೂಡ್ರಿಸಿ ನೀರು ಕುಡಿ ಅಂದಿದ್ನೆಲ್ಲೋ. ಅದನ್ನೂ ಇದರಾಗ ಬರೀಬೇಕು,” ಎಂದರು. ಕೈಯಲ್ಲಿ ಪೆನ್ನು ಹಿಡಿದೇ ಇದ್ದರು. ಆ ಕಾಗದ ಮುಂದೆ ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಮುಂದಿನ ತಿಂಗಳು ಡಾಕ್ಟರ್ ಶಾರದಾ ಬಂದಾಗ ನಾನು ಸಿಟ್ಟಿನಲ್ಲೇ ಹೋದೆ. ನೀವು ಹೇಳಿದಂತೆ ಅಂಜಿಕೆಯನ್ನು ಕೂರಿಸಿಕೊಂಡು ಒಂದು ತಾಸು ಕಳೆದೆ, ಆ ತಾಸು ಯಾರ ಲೆಕ್ಕಕ್ಕೆ ಎಂದು ಕೇಳಿದೆ. ಅವರು ಸಮರ್ಥಿಸಿಕೊಳ್ಳಲಿಲ್ಲ. “ಚೀಟಿ ಬರೆದವಳು ನಾನು. ಉಪವಾಸದ ಬಗ್ಗೆ ನಾನೂ ಕೇಳಲಿಲ್ಲ,” ಎಂದರು. ನಿಜವಾದ ಅಂಜಿಕೆಯನ್ನೂ ರೋಗದ ಅಂಜಿಕೆಯನ್ನೂ ಬೇರೆ ಮಾಡುವುದು ಹೇಗೆಂದು ಕೇಳಿದೆ. ಖಚಿತವಾದ ಗುರುತು ತಮ್ಮ ಬಳಿ ಇಲ್ಲವೆಂದರು. ನನ್ನ ಕೈ, ರೋಗಿಯ ಕೈ ಎಂಬ ವ್ಯತ್ಯಾಸವನ್ನು ಅವರಿಗೆ ಹೇಳಿದೆ. ತಲೆದೂಗಿದರು. ಆದರೆ ಹೊಸಬರಿಗೆ ಹೇಳುತ್ತೇನೆ, ಅದೂ ಎಲ್ಲ ಸಲ ಕೆಲಸ ಮಾಡುವುದಿಲ್ಲ. ನನಗೆ ಆಮೇಲೂ ಎರಡು ಸಲ ಮೋಸ ಮಾಡಿದೆ.

ಆ ವರ್ಷ ನನ್ನ ರೋಗ ಮರಳಿತು. ಬಂದವರನ್ನೆಲ್ಲ ಉಪವಾಸ ಇದೆಯೇ, ನೀರು ಕುಡಿಯುತ್ತೀರಾ, ಬೇರೆ ಅಂಗಡಿಯ ಗುಳಿಗೆ ತಗೊಂಡಿದ್ದೀರಾ ಎಂದು ಮೂರು ಮೂರು ಸಲ ಕೇಳುತ್ತಿದ್ದೆ. ಸರತಿ ಗೊಣಗುತ್ತಿತ್ತು. ಮತ್ತೆ ಗುಳಿಗೆ ಹೆಚ್ಚಿಸಿಕೊಂಡು, ಮತ್ತೆ ಅಭ್ಯಾಸ ಹಿಡಿದು, ಪ್ರಶ್ನೆ ಒಂದು ಸಲಕ್ಕೆ ಇಳಿಯಲು ವರ್ಷದ ಮೇಲೆ ಹಿಡಿಯಿತು. ಆ ಒಂದು ಸಲವನ್ನು ಮಾತ್ರ ನಿವೃತ್ತಿಯ ದಿನದವರೆಗೂ ಬಿಡಲಿಲ್ಲ. ಗುಳಿಗೆಯನ್ನು ಇಪ್ಪತ್ತೆಂಟು ವರ್ಷ ನೋಡಿದ್ದೆ. ತಗೊಳ್ಳುವವರು ಹೇಗೆ ಉಣ್ಣುತ್ತಾರೆ, ಯಾವಾಗ ಉಣ್ಣುವುದಿಲ್ಲ ಎಂದು ನೋಡಲು ಶುರುಮಾಡಿದ್ದು ಆಗ.

ಕುಸುಮಾ ಎಂಟು ತಿಂಗಳ ಮೇಲೆ ರಾಜಶ್ರೀಯ ಹೆಗಲು ಹಿಡಿದು ಬಂದರು. ಲಿಥಿಯಂ ನಿಲ್ಲಿಸಿದ ಮೇಲೆ ಕಾಯಿಲೆ ಒಮ್ಮೆ ಏರಿ ಇಳಿದಿತ್ತು. ಬೇರೆ ಔಷಧ ಹಚ್ಚಿದ್ದರು. ಜೀವ ಉಳಿದಿತ್ತು, ಮಾತು ಸರಿಯಾಗಿತ್ತು. ನಡಿಗೆಯಲ್ಲಿ ತುಸು ತೂರಾಟ, ಕೈಯಲ್ಲಿ ನಡುಕ ಉಳಿದುಬಿಟ್ಟಿದ್ದವು. ಭಕ್ರಿ ಬಡಿಯಲು ಬರುವುದಿಲ್ಲ ಎಂದರು. ಅವರನ್ನು ಒಳಗೆ ಕರೆದು ಕೂರಿಸಿ, ನಾನು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪು ನನ್ನದು ಎಂದೆ.

ಅವರು ಸೆರಗಿನಲ್ಲಿ ಕೈ ಮುಚ್ಚಿಕೊಂಡರು. “ನೀವು ಕೇಳಿದ್ರೂ ನಾ ಹೇಳ್ತಿದ್ದಿಲ್ರಿ. ಬ್ಯಾಡ ಅಂತೀರಂತ ಗೊತ್ತಿತ್ತು.”

“ಗೊತ್ತಿದ್ದೂ ಯಾಕ ಹಿಡದ್ರಿ?”

“ಆರು ವರ್ಷ ಬಸದ್ಯಾಗ ಹಿಂದಿನ ಸಾಲಿನ್ಯಾಗ ಒಬ್ಬಾಕೀನ ಕುಂತೀನ್ರಿ. ಈ ಸಲ ಒಪ್ಪತ್ತು ಹಿಡೀತೀನಿ ಅಂದ ಕೂಡ್ಲೇ ಹೆಣ್ಮಕ್ಕಳು ಕರದು ನಡು ಕೂಡಿಸಿಕೊಂಡ್ರು. ನನ್ನ ಕಡಿಂದ ಪದಾ ಹಾಡಿಸಿದ್ರು. ಹುಚ್ಚಿ ಅಂತ ಒಬ್ಬರೂ ಅನಲಿಲ್ಲ.” ಸೆರಗಿನಿಂದ ಕೈ ಹೊರಗೆ ತೆಗೆದು ಹೇಳಿದರು, “ಏಳ ದಿನ ನಾನೂ ಎಲ್ಲಾರಂಗ ಇದ್ನಿ, ಸಾಹೇಬ್ರ.”

ಹೊಸ ಔಷಧಕ್ಕೂ ರಕ್ತ ಪರೀಕ್ಷೆ ಬೇಕು, ಮುಂದಿನ ಮಂಗಳವಾರ ತಪ್ಪದೆ ಬರಬೇಕು ಎಂದೆ. ಚೀಟಿ ಕಳೆದುಹೋಗುತ್ತದೆ, ಅಂಗೈ ಮೇಲೆ ಬರೆದುಬಿಡಿ ಎಂದರು. ಪೆನ್ನು ತೆಗೆದೆ. ಅವರ ಕೈ ನಡುಗುತ್ತಿತ್ತು. ಅಕ್ಷರ ಸೊಟ್ಟಗಾಗಿ ಅಳಿಸಬೇಕಾಯಿತು. ರಾಜಶ್ರೀ ಮುಂದೆ ಬಂದು ಅತ್ತೆಯ ಮಣಿಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ನಾನು ಬರೆದೆ. ಕುಸುಮಾ ಅಂಗೈಯನ್ನು ಕಣ್ಣಿನ ಹತ್ತಿರ ತಂದು, ಶಾಲೆಯ ಮಗುವಿನಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು, “ಮಂ-ಗ-ಳ-ವಾ-ರ.” ಓದಿ, “ಬರ್ತೀನ್ರಿ,” ಎಂದು ಎದ್ದರು.